ಓದುಗರ ಪ್ರಶ್ನೆ: ಡೆನ್ನಾನದಿಂದ ಡಿಜೆವರೆಗೆ

ತುಳುನಾಡಿನ ಮಳೆಗಾಲದ ಆಟಿ ತಿಂಗಳು ಹತ್ತಿರವಾಯಿತೆಂದರೆ ಈ ಅಂಕಣಕ್ಕೆ ಹಾಡಿನ ತಂಡಗಳ ಪತ್ರಗಳು ರಾಶಿ ಬೀಳುತ್ತವೆ. 'ಆಟಿಡೊಂಜಿ ದಿನ' (ಆಟಿಯಲ್ಲೊಂದು ದಿನ) ಕಾರ್ಯಕ್ರಮಕ್ಕೆಂದು ಹೊಸದಾಗಿ ತಂಡ ಕಟ್ಟಿದವರು, ಒಂದು ಹಾಡು ಮೊಬೈಲಿನಲ್ಲಿ ಓಡಿದ ಮೇಲೆ ಮುಂದೇನೆಂದು ತೋಚದವರು, ಮೈಕಿನವರೊಡನೆ ಜಗಳವಾಡಿ ಸೋತವರು, ಎಲ್ಲರೂ ಇದ್ದಾರೆ. ಬರೆದವರ ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇವೆ.

ಪ್ರಶ್ನೆ: ನಮ್ಮ ಮಹಿಳಾ ತಂಡ ಹತ್ತು ವರ್ಷದಿಂದ ಜನಪದ ಹಾಡುತ್ತಿದೆ. ಹಾಡು ಊರಿನ ಗಡಿ ದಾಟಲಿಲ್ಲ. ಪಕ್ಕದೂರಿನ ಹುಡುಗರು ಮೊನ್ನೆ ಮೊನ್ನೆ ಶುರು ಮಾಡಿದವರು, ಅವರ ಒಂದೇ ಹಾಡು ಎಲ್ಲರ ಮೊಬೈಲಿನಲ್ಲಿದೆ. ಯಾವ ಹಾಡು ದಾಟುತ್ತದೆ, ಯಾವುದು ದಾಟುವುದಿಲ್ಲ? (ಮೂಡುಬಿದಿರೆ)

ಉತ್ತರ: ನಿಮ್ಮ ಹಾಡುಗಾರಿಕೆಯಲ್ಲಿ ತಪ್ಪು ಇರಲಿಕ್ಕಿಲ್ಲ, ಹಾಡಿನ ಆಯ್ಕೆಯಲ್ಲಿ ಇರಬಹುದು. ಊರು ದಾಟಿದ ಜನಪದ ಹಾಡುಗಳನ್ನು ಬಿಡಿಸಿ ನೋಡಿ. ಸೊಲ್ಲು, ಅಂದರೆ ಮರಳಿ ಮರಳಿ ಬರುವ ಪಲ್ಲವಿ, ನಾಲ್ಕೈದು ಪದ, ಒಂದೇ ಉಸಿರಿಗೆ ಮುಗಿಯುತ್ತದೆ. ನಮ್ಮ ಪಾಡ್ದನದ (ತುಳುವಿನ ಹಾಡುಗತೆ) 'ಡೆನ್ನಾನ ಡೆನ್ನಾನ'ಕ್ಕೆ ಅರ್ಥ ಹುಡುಕಬೇಕಾಗಿಲ್ಲ, ಅದಕ್ಕೇ ತುಳು ಬಾರದವರೂ ಎರಡನೆಯ ಸುತ್ತಿಗೆ ದನಿಗೂಡಿಸುತ್ತಾರೆ. ರಾಗ ಐದಾರು ಸ್ವರಗಳೊಳಗೆ ತಿರುಗುತ್ತದೆ, ಹಾಗಾಗಿ ಬಚ್ಚಲಲ್ಲೂ ಬಸ್ಸಲ್ಲೂ ಹಾಡಬಹುದು. ಹಿಂದಿನ ಕತೆ ಗೊತ್ತಿಲ್ಲದವನಿಗೂ ಮೊದಲ ಚರಣದಲ್ಲಿ ಒಂದು ಚಿತ್ರ ಸಿಗುತ್ತದೆ.

'ಸೋಜುಗಾದ ಸೂಜುಮಲ್ಲಿಗೆ'ಯನ್ನೇ ತೆಗೆದುಕೊಳ್ಳಿ. ಅದು ಮಲೆ ಮಹದೇಶ್ವರನ ಭಕ್ತಿಪರಂಪರೆಯ ಹಾಡು, ಚಾಮರಾಜನಗರದ ಕಡೆಯದು. ಅನನ್ಯಾ ಭಟ್ ಹಾಡಿ ಕರ್ನಾಟಕದಾಚೆಗೂ ಹೋಯಿತು. 2021ರಲ್ಲಿ ಮಂಗಳೂರಿನ ಮಂಗಳಾದೇವಿಯಲ್ಲಿ ನಡೆಯುವ ಕತೆಯ 'ಗರುಡ ಗಮನ ವೃಷಭ ವಾಹನ' ಸಿನಿಮಾದಲ್ಲಿ ಚೈತ್ರಾ ಜೆ. ಆಚಾರ್ ದನಿಯಲ್ಲಿ ಮತ್ತೆ ಕೇಳಿಸಿತು. ಮಾದೇವನ ತಲೆಯ ಮೇಲೆ ಮಲ್ಲಿಗೆ: ಅಷ್ಟು ತಿಳಿದರೆ ಸಾಕು, ಹಾಡು ಒಳಗೆ ಇಳಿಯುತ್ತದೆ. ಶಿಶುನಾಳ ಶರೀಫರ (1819–1889) ತತ್ವಪದಗಳನ್ನು ರಘು ದೀಕ್ಷಿತ್ ಗಿಟಾರಿಗೆ ಕೂರಿಸಿ 2008ರ 'ಅಂತರಾಗ್ನಿ' ಆಲ್ಬಮ್‌ನಲ್ಲಿ ತಂದಾಗಲೂ ಇದೇ ಆಯಿತು. ಒಳಾರ್ಥ ಬಿಡಿಸಲಾಗದವರಿಗೂ ಸೋರುತ್ತಿರುವ ಮನೆಯ ಮಾಳಿಗೆ ಕಣ್ಣಿಗೆ ಕಟ್ಟುತ್ತದೆ. (ತತ್ವಪದಕ್ಕೆ ಕವಿ ಇದ್ದಾರೆ, ಆದ್ದರಿಂದ ಕಟ್ಟುನಿಟ್ಟಾಗಿ ಅದು ಜನಪದವಲ್ಲ. ವೇದಿಕೆಯಲ್ಲಿ ಶರೀಫರ ಹೆಸರು ಹೇಳದೆ 'ಜನಪದ ಗೀತೆ' ಎಂದು ಘೋಷಿಸುವ ತಂಡಗಳಿಗೆ ಇದನ್ನು ಜ್ಞಾಪಿಸಬೇಕಾಗಿದೆ.)

ದಾಟದ ಹಾಡುಗಳೆಂದರೆ ಉದ್ದದ ಕಥನಗೀತೆಗಳು, ಸವಾಲು–ಜವಾಬಿನವು, ಒಂದು ಮನೆಯ ಒಂದು ಸಂದರ್ಭಕ್ಕೇ ಹೊಲಿದಂಥವು. ಅವು ಕಡಿಮೆಯವಲ್ಲ, ಅವುಗಳ ಜಾಗ ಬೇರೆ. ಇನ್ನು ಅನೇಕ ತಂಡಗಳು ಮಾಡುವ ತಪ್ಪು ಒಂದಿದೆ: ಹಾಡಿನ ಮುಂದೆ ಮುಕ್ಕಾಲು ನಿಮಿಷದ ಕೀಬೋರ್ಡ್ ಆಲಾಪ. ಮೊಬೈಲಿನಲ್ಲಿ ಕೇಳುವವರು ಅಷ್ಟು ಹೊತ್ತು ಕಾಯುವುದಿಲ್ಲ. ಮೊದಲ 15–20 ಸೆಕೆಂಡಿನೊಳಗೆ ಸೊಲ್ಲು ಒಮ್ಮೆ ಬರಲಿ, ಅದೂ ವಾದ್ಯವಿಲ್ಲದೆ ಬರಿಯ ಕಂಠದಲ್ಲಿ.

ಒಂದು ಹಾಡು ಓಡಿದರೆ ಸಂಘಟಕರು ಅದನ್ನೇ ಮೂರು ಸಲ ಹಾಡಿಸುತ್ತಾರೆ, ಮರುವರ್ಷ ಕರೆಯುವುದಿಲ್ಲ. 1986ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೊಂಕಣಿ ಹಾಡಿನ ಸಂಸ್ಥೆ ಮಾಂಡ್ ಸೊಭಾಣ್ ಇಂದಿಗೂ ನಿಂತಿರುವುದು ಒಂದು ಹಿಟ್‌ನಿಂದಲ್ಲ. 2008ರ ಜನವರಿ 26–27ರಂದು ಶಕ್ತಿನಗರದ ಕಲಾಂಗಣದಲ್ಲಿ ಅವರು 40 ಗಂಟೆ ಎಡೆಬಿಡದೆ 1,711 ಕೊಂಕಣಿ ಹಾಡು ಹಾಡಿ ಗಿನ್ನೆಸ್ ದಾಖಲೆ ಮಾಡಿದರು. ಹಾಡಿನ ಅಷ್ಟು ದೊಡ್ಡ ಗಂಟು ನಿಮಗೆ ಬೇಡ. ಆದರೆ ಹಿಟ್ ಹಾಡಿನ ಬೆನ್ನಿಗೆ ಕನಿಷ್ಠ ಹದಿನೈದು ಹಾಡು ಬಾಯಿಪಾಠ ಇರಬೇಕು.

ಪ್ರಶ್ನೆ: ಕಾಲೇಜು ಮುಗಿಸಿದ ನಾವು ಹನ್ನೆರಡು ಜನ ಜನಪದ ತಂಡ ಕಟ್ಟಬೇಕೆಂದಿದ್ದೇವೆ. ಎಷ್ಟು ಜನ ಹಾಡಬೇಕು, ಯಾವ ವಾದ್ಯ ಬೇಕು, ಎಷ್ಟು ದಿನದ ಅಭ್ಯಾಸ? (ಮಣಿಪಾಲ)

ಉತ್ತರ: ಹನ್ನೆರಡು ಜನ ಹೆಚ್ಚಾಯಿತು. ಒಂದು ಜೀಪಿನಲ್ಲಿ ಹಿಡಿಸುವಷ್ಟು ಜನ ಸಾಕು ಎಂಬುದು ಹಳೆಯ ಲೆಕ್ಕ, ಈಗಲೂ ಸರಿಯೇ. ಎಂಟು ಮಂದಿ: ಸೊಲ್ಲು ಎತ್ತುವವರು ಇಬ್ಬರು, ಅದನ್ನು ಹಿಂದಿನಿಂದ ಹಿಡಿಯುವವರು (ಹಿಮ್ಮೇಳ) ನಾಲ್ವರು, ಚರ್ಮವಾದ್ಯಕ್ಕೆ ಇಬ್ಬರು. ಎತ್ತುವವರು ಇಬ್ಬರೇಕೆಂದರೆ, ಒಬ್ಬರ ಗಂಟಲು ಕಟ್ಟಿದ ದಿನವೇ ದೊಡ್ಡ ಕಾರ್ಯಕ್ರಮ ಇರುತ್ತದೆ. ಉಳಿದ ನಾಲ್ವರು ಬದಲಿ ಸಾಲಿನಲ್ಲಿರಲಿ. ಒಬ್ಬರು ಲೆಕ್ಕಪತ್ರ ನೋಡಲಿ, ಒಬ್ಬರು ಮೈಕಿನ ಮಿಕ್ಸರ್ ಬಳಿ ಕೂರಲಿ. ಹಾಡು ಗೊತ್ತಿದ್ದವರು ಮಿಕ್ಸರ್ ಬಳಿ ಇದ್ದರೆ ಅರ್ಧ ಗೆದ್ದಂತೆ.

ವಾದ್ಯ ಮೊದಲಿಗೆ ಎರಡೇ ಸಾಕು: ದಪ್ಪ ನಾದದ ಒಂದು (ಡೋಲು ಅಥವಾ ಗುಮಟೆ), ತೆಳು ನಾದದ ಒಂದು (ತಾಳ, ಗೆಜ್ಜೆ ಅಥವಾ ಕಂಜಿರ). ಶ್ರುತಿಗೆ ಹಾರ್ಮೋನಿಯಂ ಇದ್ದರೆ ಒಳ್ಳೆಯದು, ಇಲ್ಲವಾದರೆ ಮೊಬೈಲಿನ ತಂಬೂರ ಆ್ಯಪ್ ಸಾಕು. ಗಿಟಾರ್, ಕಹೋನ್ (ಪೆಟ್ಟಿಗೆಯಂಥ ತಾಳವಾದ್ಯ) ಎಲ್ಲ ಆರು ತಿಂಗಳ ನಂತರ. ಮೊದಲೇ ಗಿಟಾರ್ ಬಂದರೆ ಹಾಡುವವರು ಅದರ ಕಾರ್ಡ್ ಹಿಡಿದು ನಿಲ್ಲುತ್ತಾರೆ, ಜನಪದ ದನಿಯ ಜಾರು, ಎಳೆತ ಎಲ್ಲ ನೆಟ್ಟಗಾಗಿ ಶಾಲೆಯ ಪ್ರಾರ್ಥನೆಯಂತೆ ಕೇಳುತ್ತದೆ.

ವಾರಕ್ಕೆ ಎರಡು ಸಲ, ಸಲಕ್ಕೆ ಎರಡು ಗಂಟೆ, ಮೂರು ತಿಂಗಳು. ಮೊದಲ ತಿಂಗಳು ವಾದ್ಯ ಮುಟ್ಟಬೇಡಿ. ಚಪ್ಪಾಳೆಯಲ್ಲೇ ಹಾಡಿ, ಆರು ಹಾಡು ಪುಸ್ತಕ ನೋಡದೆ ಬರಬೇಕು. ಎರಡನೆಯ ತಿಂಗಳು ವಾದ್ಯ. ಮೂರನೆಯ ತಿಂಗಳು ನಿಂತುಕೊಂಡು, ಎದುರಿಗೆ ನಾಲ್ಕು ಜನರನ್ನು ಕೂರಿಸಿಕೊಂಡು. ಮುಕ್ಕಾಲು ಗಂಟೆಯ ಕಾರ್ಯಕ್ರಮಕ್ಕೆ ನಾಲ್ಕು ನಿಮಿಷದ ಒಂಬತ್ತು ಹಾಡು ಬೇಕು, ಉಳಿದ ಒಂಬತ್ತು ನಿಮಿಷ ಮಾತು ಮತ್ತು ಚಪ್ಪಾಳೆಗೆ. ಮಾತು ಒಬ್ಬರೇ ಆಡಲಿ, ಹಾಡಿಗೆ ಮೂರು ವಾಕ್ಯ ಮೀರದಿರಲಿ.

ದುಡ್ಡು ಹಂಚುವ ಕ್ರಮವನ್ನು ಮೊದಲ ಕಾರ್ಯಕ್ರಮಕ್ಕಿಂತ ಮೊದಲೇ ಬರೆದಿಡಿ: ಬಂದ ಸಂಭಾವನೆಯಲ್ಲಿ ಮೊದಲು ವಾಹನ, ಊಟ, ಬಳಿಕ ಹತ್ತರಲ್ಲಿ ಒಂದು ಪಾಲು ವಾದ್ಯ ರಿಪೇರಿಗೆ, ಉಳಿದದ್ದು ಎಲ್ಲರಿಗೂ ಸಮ. ತಂಡಗಳು ಒಡೆಯುವುದು ಅಪಸ್ವರದಿಂದಲ್ಲ, ಈ ಚೀಟಿ ಇಲ್ಲದ್ದರಿಂದ.

ಪ್ರಶ್ನೆ: ಪಾಡ್ದನವನ್ನು ಗಿಟಾರ್, ಡ್ರಮ್ಸ್ ಹಾಕಿ ವೇದಿಕೆಯಲ್ಲಿ ಹಾಡಬಹುದೇ? ಹಿರಿಯರು ಬೇಡ ಎನ್ನುತ್ತಾರೆ, ಹುಡುಗರು ಬೇಕು ಎನ್ನುತ್ತಾರೆ. ಹಾಡುವುದಾದರೆ ಗಂಟೆಗಟ್ಟಲೆಯ ಪಾಡ್ದನವನ್ನು ನಾಲ್ಕು ನಿಮಿಷಕ್ಕೆ ಇಳಿಸುವುದು ಹೇಗೆ? (ಬೆಳ್ತಂಗಡಿ)

ಉತ್ತರ: ಹಿರಿಯರೂ ಹುಡುಗರೂ ಬೇರೆ ಬೇರೆ ಹಾಡುಗಳ ಬಗ್ಗೆ ಮಾತಾಡುತ್ತಿರಬಹುದು. 'ಪಾಡ್ದನ' ಎಂಬ ಒಂದೇ ಹೆಸರಿನಡಿ ನಾವು ಎಲ್ಲವನ್ನೂ ತುರುಕುತ್ತೇವೆ. ದೈವಾರಾಧನೆಯ ನೇಮದ ಕಳದಲ್ಲಿ ದೈವ ಕಟ್ಟುವ ಪಂಬದ, ಪರವ, ನಲಿಕೆ ಸಮುದಾಯದವರ ಮನೆಯ ಹೆಂಗಸರು ತೆಂಬರೆ ಎಂಬ ಚರ್ಮವಾದ್ಯ ಬಡಿದು ಹೇಳುವುದು ಒಂದು. ಅದು ಆರಾಧನೆಯ ಭಾಗ, ಅದಕ್ಕೆ ಹಕ್ಕುಳ್ಳವರಿದ್ದಾರೆ, ಹೊತ್ತು ಗೊತ್ತಿದೆ. ಗದ್ದೆಯಲ್ಲಿ ನೇಜಿ ನೆಡುವಾಗ ಹೆಂಗಸರು ಹೇಳುವುದು ಇನ್ನೊಂದು. ಅಲ್ಲಿ ಕಥನವೂ ಇದೆ, 'ಓ ಬೇಲೆ' ಎಂದು ಮುಗಿಯುವ, ಕಬಿತ ಎಂಬ ಹಗುರ ಹಾಡುಗಳೂ ಇವೆ. ವೇದಿಕೆಗೆ ಎರಡನೆಯದನ್ನು ತನ್ನಿ. ಮೊದಲನೆಯದನ್ನು ಕಳದಲ್ಲೇ ಬಿಡಿ. 'ಕಾಂತಾರ' ಸಿನಿಮಾದ ಬಳಿಕ ವೇದಿಕೆಗಳಲ್ಲಿ ದೈವದ ವೇಷ, ಕೂಗು ಅನುಕರಿಸಿ ಆಕ್ಷೇಪಕ್ಕೆ ಸಿಕ್ಕವರು ಎಷ್ಟೋ. 'ಸೋಜುಗಾದ' ಹಾಡನ್ನು ಸಿನಿಮಾದಲ್ಲಿ ಹಿಂಸೆಯ ದೃಶ್ಯದೊಂದಿಗೆ ಬಳಸಿದ್ದಕ್ಕೂ ಮಾದಪ್ಪನ ಭಕ್ತರಿಂದ ಆಕ್ಷೇಪ ಬಂದಿತ್ತು. ಹಾಡು ಊರು ದಾಟಿದರೂ ಅದನ್ನು ಕೈಮುಗಿದು ಕೇಳುವವರು ಊರಲ್ಲೇ ಇರುತ್ತಾರೆ.

ಇನ್ನು ಇಳಿಸುವ ಕೆಲಸ. ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡರೊಡನೆ ದಾಖಲಿಸಿ 1998ರಲ್ಲಿ ಪ್ರಕಟಿಸಿದರು: 15,683 ಸಾಲು. ನಾಲ್ಕು ನಿಮಿಷದ ಹಾಡಿನಲ್ಲಿ ಹಿಡಿಸುವುದು 24ರಿಂದ 30 ಸಾಲು. ಅಂದರೆ ಕತೆಯನ್ನು ಸಂಕ್ಷೇಪಿಸುವ ಮಾತೇ ಇಲ್ಲ, ಒಂದು ಘಟನೆಯನ್ನು ಎತ್ತಿಕೊಳ್ಳಬೇಕು. ಹೆಣ್ಣು ತವರು ಬಿಟ್ಟು ಹೊರಟ ಗಳಿಗೆ, ದೋಣಿ ಹತ್ತಿದ್ದು, ತೊಟ್ಟಿಲು ಕಟ್ಟಿದ್ದು: ಇಂಥದ್ದು. ಕತೆಯ ಹಿಂದುಮುಂದನ್ನು ನಿರೂಪಕರು ಎರಡು ವಾಕ್ಯದಲ್ಲಿ ಹೇಳಲಿ. ಪಾಡ್ದನದಲ್ಲಿ ಒಂದೇ ಮಾತು ಸ್ವಲ್ಪ ಬದಲಾಗಿ ಎರಡೆರಡು ಸಲ ಬರುತ್ತದೆ. ಉದ್ದ ಕಡಿಮೆ ಮಾಡಲೆಂದು ಆ ಜೋಡಿಯನ್ನು ಕತ್ತರಿಸುವವರಿದ್ದಾರೆ. ಕತ್ತರಿಸಿದರೆ ಪಾಡ್ದನ ಪಾಡ್ದನವಾಗಿ ಉಳಿಯುವುದಿಲ್ಲ. ಘಟನೆ ಬಿಡಿ, ಜೋಡಿ ಸಾಲು ಬಿಡಬೇಡಿ.

ವಾದ್ಯ ಕೂರಿಸುವಾಗ ಎಡವುವುದು ತಾಳದಲ್ಲಿ. ಗದ್ದೆಯಲ್ಲಿ ಹೇಳುವವರು ಸಾಲಿನ ಕೊನೆಯನ್ನು ಉಸಿರಿದ್ದಷ್ಟು ಎಳೆಯುತ್ತಾರೆ, ಎತ್ತುವವಳು ಮುಗಿಸುವ ಮೊದಲೇ ಹಿಂದಿನವರು ಹಿಡಿದಿರುತ್ತಾರೆ. ಅದನ್ನು ನಾಲ್ಕು ಮಾತ್ರೆಯ ಲೂಪಿಗೆ ತುರುಕಿದರೆ ಎಳೆತ ಸಾಯುತ್ತದೆ. ಮೊದಲು ವಾದ್ಯವಿಲ್ಲದೆ ಕಂಠ ರೆಕಾರ್ಡ್ ಮಾಡಿ, ಪ್ರತಿ ಸಾಲಿಗೆ ಎಷ್ಟು ಬಡಿತ ಬಿತ್ತೆಂದು ಎಣಿಸಿ ಬರೆದುಕೊಳ್ಳಿ. ಒಂದು ಸಾಲಿಗೆ ಏಳು, ಇನ್ನೊಂದಕ್ಕೆ ಒಂಬತ್ತು ಬಂದರೆ ಹಾಗೆಯೇ ಬಿಡಿ, ಡ್ರಮ್ಸ್‌ನವರು ಸಾಲು ನೋಡಿ ನುಡಿಸಲಿ. ವೇಗ ಏರಿಸಲೇಬೇಕೆಂದರೆ ಮೂಲಕ್ಕಿಂತ ನಿಮಿಷಕ್ಕೆ ಹತ್ತು ಬಡಿತ, ಹೆಚ್ಚೆಂದರೆ ಹದಿನೈದು. ಅದಕ್ಕಿಂತ ಮೇಲೆ ಹೋದರೆ ತುಳುವಿನ ದೀರ್ಘಗಳೆಲ್ಲ ಹ್ರಸ್ವವಾಗಿ ಪದದ ಅರ್ಥವೇ ಕೆಡುತ್ತದೆ.

ಮಾತಿನ ಅರ್ಥ ತಿಳಿಯದಾದರೆ ಉಡುಪಿಯ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ರೂಪುಗೊಂಡ ಆರು ಸಂಪುಟಗಳ ತುಳು ನಿಘಂಟು ನೋಡಿ. ಗ್ರಾಮನಾಮ, ಗಿಡಮರದ ಹೆಸರುಗಳಲ್ಲೇ ಹಾಡುಗಾರರು ಹೆಚ್ಚಾಗಿ ತಪ್ಪುವುದು.

ಪ್ರಶ್ನೆ: ಗಂಡಸರಿಗೆ ಹೊಂದುವ ಶ್ರುತಿ ಹೆಂಗಸರಿಗೆ ಹೊಂದುವುದಿಲ್ಲ. ಒಟ್ಟಿಗೆ ಹಾಡುವುದು ಹೇಗೆ? (ಕಾಪು)

ಉತ್ತರ: ನಮ್ಮ ಕಡೆ ಯಕ್ಷಗಾನದ ಲೆಕ್ಕದಲ್ಲಿ ಹೇಳಿದರೆ ಎಲ್ಲರಿಗೂ ತಿಳಿಯುತ್ತದೆ. ಗಂಡಸರು ಸಾಮಾನ್ಯವಾಗಿ ಬಿಳಿ 1ರಿಂದ (ಹಾರ್ಮೋನಿಯಂನ ಬಿಳಿ ಮನೆಗಳ ಎಣಿಕೆ) ಬಿಳಿ 2ರಲ್ಲಿ ಆರಾಮವಾಗಿ ಹಾಡುತ್ತಾರೆ, ಹೆಂಗಸರು ಬಿಳಿ 5ರಿಂದ ಬಿಳಿ 6ರಲ್ಲಿ. ಇದು ಮೇಲಿನ ಷಡ್ಜದಾಚೆಗೂ ಹೋಗುವ ಶಾಸ್ತ್ರೀಯ ಹಾಡಿನ ಲೆಕ್ಕ. ಷಡ್ಜದಿಂದ ಪಂಚಮ ಅಥವಾ ಧೈವತದವರೆಗೆ ಮಾತ್ರ ಓಡಾಡುವ ಜನಪದ ಹಾಡಿಗೆ ಬಿಳಿ 4 ಅಥವಾ ಬಿಳಿ 5 ಇಟ್ಟರೆ ಇಬ್ಬರೂ ಒಂದೇ ಸ್ವರದಲ್ಲಿ, ಒಂದೇ ಸ್ಥಾಯಿಯಲ್ಲಿ ಹಾಡಬಹುದು. ಹೆಂಗಸರಿಗೆ ಅದು ತುಸು ತಗ್ಗು, ಗಂಡಸರಿಗೆ ತುಸು ಎತ್ತರ. ಗಂಡಸರ ದನಿ ಆ ಎತ್ತರದಲ್ಲಿ ಬಿಗಿಯಾಗಿ, ಬಯಲಿನ ದನಿಯಾಗಿ ಕೇಳುತ್ತದೆ. ಜನಪದಕ್ಕೆ ಬೇಕಾದದ್ದೂ ಅದೇ.

ತೊಡಕು ಬರುವುದು ಸಿನಿಮಾದಿಂದ ಮರಳಿ ಬಂದ ಹಾಡುಗಳಲ್ಲಿ. ಸಂಗೀತ ನಿರ್ದೇಶಕರು ಮೂಲ ರಾಗಕ್ಕೆ ಮೇಲಿನ ಷಡ್ಜ ಮುಟ್ಟುವ ಒಂದು ಚರಣ ಸೇರಿಸಿರುತ್ತಾರೆ. ಅಲ್ಲಿ ಬಿಳಿ 5ರಲ್ಲಿ ಗಂಡಸರು ಕಿರುಚುತ್ತಾರೆ. ಆ ಚರಣವನ್ನು ಹೆಂಗಸರಿಗೆ ಬಿಟ್ಟುಕೊಡಿ, ಇಲ್ಲವೇ ಗಂಡಸರು ಅಷ್ಟಕ್ಕೆ ಮಾತ್ರ ಕೆಳಸ್ಥಾಯಿಗೆ ಇಳಿಯಲಿ. ಇಡೀ ಹಾಡಿನ ಶ್ರುತಿ ಇಳಿಸಬೇಡಿ. ಇಳಿಸಿದರೆ ಸೊಲ್ಲು ಹೆಂಗಸರ ಗಂಟಲಲ್ಲಿ ಗೊಣಗಾಟವಾಗುತ್ತದೆ, ಯಾವ ಮೈಕೂ ಅದನ್ನು ಎತ್ತಲಾರದು.

ಪ್ರಶ್ನೆ: ಮಳೆಗಾಲದಲ್ಲಿ ನಮ್ಮ ಗುಮಟೆ, ಡೋಲು 'ಬೊದ ಬೊದ' ಎನ್ನುತ್ತವೆ. ಏನು ಮಾಡುವುದು? (ಬಾರಕೂರು)

ಉತ್ತರ: ಚರ್ಮ ಗಾಳಿಯ ತೇವ ಕುಡಿದು ಸಡಿಲವಾಗುತ್ತದೆ. ನಮ್ಮ ತಂಡಗಳಿಗೆ ಬೇಡಿಕೆ ಹೆಚ್ಚುವುದೂ ಆಟಿಯ ಮಳೆಯಲ್ಲೇ, ಚರ್ಮ ಕೈಕೊಡುವುದೂ ಆಗಲೇ.

ಗುಮಟೆಯೆಂದರೆ ಎರಡೂ ಕಡೆ ಬಾಯಿರುವ ಮಣ್ಣಿನ ಗಡಿಗೆ, ದೊಡ್ಡ ಬಾಯಿಗೆ ಮಾತ್ರ ಚರ್ಮ. ಹುಲಿವೇಷದ ತಾಸೆ ವಾದ್ಯದವರು ರಸ್ತೆ ಬದಿಯಲ್ಲಿ ಕಾಗದ ಉರಿಸಿ ಕಾಯಿಸುವುದನ್ನು ನೋಡಿ ಗುಮಟೆಯನ್ನೂ ಬೆಂಕಿಗೆ ಹಿಡಿಯುವವರಿದ್ದಾರೆ. ಮಣ್ಣಿಗೆ ಒಮ್ಮೆಲೇ ಶಾಖ ತಗುಲಿದರೆ ಸೀಳು ಬಿಡುತ್ತದೆ. ಚರ್ಮದ ಬದಿಯನ್ನು ಕೆಂಡಕ್ಕೆ ಒಂದೂವರೆ–ಎರಡು ಅಡಿ ದೂರದಲ್ಲಿ ಹಿಡಿದು ತಿರುಗಿಸುತ್ತಾ ಐದಾರು ನಿಮಿಷ ಕಾಯಿಸಿ. ಬೆರಳಿನಿಂದ ತಟ್ಟಿ ನೋಡುತ್ತಿರಿ, ನಾದ ಏರಿದ ಕೂಡಲೇ ತೆಗೆಯಿರಿ. ಸಭಾಂಗಣದಲ್ಲಿ ಕೆಂಡ ಸಿಗದಿದ್ದರೆ ಹೇರ್ ಡ್ರೈಯರನ್ನು ಒಂದಡಿ ದೂರದಲ್ಲಿ ಹಿಡಿಯಬಹುದು. ಕಾಯಿಸಿದ ಬಿಗಿ ಮಳೆಗಾಲದಲ್ಲಿ ಮೂರ್ನಾಲ್ಕು ಹಾಡಿನಷ್ಟೇ ನಿಲ್ಲುತ್ತದೆ, ಆದ್ದರಿಂದ ಎರಡು ಗುಮಟೆ ಇಟ್ಟುಕೊಂಡು ಒಂದು ನುಡಿಸುವಾಗ ಇನ್ನೊಂದನ್ನು ಕಾಯಿಸುತ್ತಿರಿ. ಎಣ್ಣೆ ಸವರಬೇಡಿ, ನಾದ ಶಾಶ್ವತವಾಗಿ ಮಂಕಾಗುತ್ತದೆ. ಮನೆಯಲ್ಲಿ ಅಡುಗೆಮನೆಯ ಅಟ್ಟವೇ ಸರಿಯಾದ ಜಾಗ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ.

ಹಿಂದೆ ಗುಮಟೆಗೆ ಉಡದ ಚರ್ಮ ಕಟ್ಟುತ್ತಿದ್ದರು. ಉಡ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಮೊದಲನೆಯ ಪಟ್ಟಿಯ ಪ್ರಾಣಿ, ಅದರ ಚರ್ಮ ಇಟ್ಟುಕೊಳ್ಳುವುದೂ ಅಪರಾಧ. ಆಡಿನ ಚರ್ಮವೇ ಕಟ್ಟಿಸಿ, ತೆಳ್ಳಗಿನದನ್ನು ಆರಿಸಿ. ನಾದದಲ್ಲಿ ತುಸು ವ್ಯತ್ಯಾಸ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಹೋಳಿ ಹಬ್ಬಕ್ಕೆ ಕುಣಿಯುವ ಕುಡುಬಿ ಸಮುದಾಯದವರ ಕೈಯಲ್ಲಿ ಅದೂ ಗುಮಟೆಯಂತೆಯೇ ಮಾತಾಡುತ್ತದೆ.

ಪ್ರಶ್ನೆ: ಬಯಲಿನ ಕಾರ್ಯಕ್ರಮಗಳಲ್ಲಿ ಮುಂದಿನ ಹಾಡುಗಾರ್ತಿ ಮಾತ್ರ ಕೇಳಿಸುತ್ತಾಳೆ, ಹಿಂದಿನವರು ಕೇಳಿಸುವುದಿಲ್ಲ. ಮೈಕ್ ಏರಿಸಿದರೆ ಕುಂಯ್ ಎನ್ನುತ್ತದೆ. ಮೈಕಿನವರು ನಮ್ಮ ಮೇಲೆ, ನಾವು ಅವರ ಮೇಲೆ. (ಸುರತ್ಕಲ್)

ಉತ್ತರ: ಎಂಟು ಜನರಿಗೆ ಎಂಟು ಮೈಕ್ ಕೇಳಿದಿರೋ? ತೆರೆದಿರುವ ಮೈಕುಗಳ ಸಂಖ್ಯೆ ಇಮ್ಮಡಿಯಾದಾಗಲೆಲ್ಲ ಕುಂಯ್‌ಗುಡದೆ ಏರಿಸಬಹುದಾದ ಮಟ್ಟ 3 ಡೆಸಿಬೆಲ್ ಇಳಿಯುತ್ತದೆ. ಐದು ಮೈಕ್ ಸಾಕು: ಎತ್ತುವವರಿಬ್ಬರಿಗೆ ಒಂದೊಂದು, ಹಿಡಿಯುವ ನಾಲ್ವರಿಗೆ ಎರಡು, ಡೋಲಿಗೆ ಒಂದು. ಎತ್ತುವವರ ಬಾಯಿಗೂ ಮೈಕಿಗೂ ಎರಡು–ಮೂರು ಇಂಚು. ಹಿಡಿಯುವವರು ಇಬ್ಬರಿಬ್ಬರಾಗಿ ಭುಜ ತಾಗುವಂತೆ ನಿಂತು, ಮೈಕ್ ಒಂದಡಿ ಮುಂದೆ. ಆ ಎರಡು ಮೈಕುಗಳ ನಡುವೆ ಮೂರಡಿ ಅಂತರವಿರಲಿ. ಬಾಯಿಯಿಂದ ಮೈಕಿಗಿರುವ ದೂರದ ಮೂರು ಪಟ್ಟು ಎಂಬುದು ಲೆಕ್ಕ. ಹತ್ತಿರ ತಂದರೆ ಒಂದೇ ದನಿ ಎರಡು ಮೈಕಿಗೆ ಹಿಂದುಮುಂದಾಗಿ ಬಿದ್ದು ತೆಳುವಾಗುತ್ತದೆ.

ಡೋಲು ಹಾಡುಗಾರರ ಹಿಂದೆ ನಿಂತರೆ ಅದರ ಸದ್ದೆಲ್ಲ ಹಾಡಿನ ಮೈಕಿಗೇ ನುಗ್ಗುತ್ತದೆ. ಒಂದು ಬದಿಗೆ, ಮೈಕುಗಳ ಬೆನ್ನು ಕಾಣುವ ಕಡೆ ನಿಲ್ಲಿಸಿ. ಮುಖ್ಯ ಸ್ಪೀಕರುಗಳು ಹಾಡುವವರಿಗಿಂತ ಮುಂದಿರಬೇಕು. ಶಾಮಿಯಾನದ ಕಂಬ ಇರುವಲ್ಲೇ ಕಟ್ಟಿಬಿಟ್ಟು ಹಿಂದಾದರೆ ಯಾವ ಮಿಕ್ಸರೂ ಕಾಪಾಡದು.

ಪರೀಕ್ಷೆ ಮಾಡುವಾಗ 'ಹಲೋ ಹಲೋ' ಬೇಡ. ನಿಮ್ಮ ಅತಿ ಗಟ್ಟಿ ಹಾಡಿನ ಸೊಲ್ಲನ್ನೇ ಹಾಡಿ. ಮೊದಲು ಹಿಡಿಯುವವರ ಮೈಕ್ ಮಟ್ಟ ನಿಲ್ಲಿಸಿ, ಅದಕ್ಕೆ ಹೊಂದಿಸಿ ಎತ್ತುವವರದ್ದು, ಕೊನೆಗೆ ಡೋಲು. ಎಲ್ಲರೂ ಇದನ್ನು ತಲೆಕೆಳಗು ಮಾಡುತ್ತಾರೆ: ಮೊದಲು ಡೋಲು, ಕೊನೆಗೆ ಹಿಮ್ಮೇಳ, ಅಷ್ಟರಲ್ಲಿ ಜಾಗ ಮುಗಿದಿರುತ್ತದೆ. ಕಂಠದ ಮೈಕುಗಳಲ್ಲಿ 120 ಹರ್ಟ್ಸ್‌ಗಿಂತ ಕೆಳಗಿನದನ್ನು ಕಡಿಯಲು ಹೇಳಿ, ಗಾಳಿಯ ಗುಂಯ್ ಹೋಗುತ್ತದೆ. ಎಕೋ ಸಾಕುಮಾಡಿ ಎಂದು ಕೈಮುಗಿದು ಕೇಳಿಕೊಳ್ಳಿ. ಪದ ತಿಳಿಯದ ಜನಪದ ಹಾಡಿಗೆ ಅರ್ಧ ಕಾರಣ ಅದೇ.

ಇಷ್ಟಾದ ಮೇಲೂ ತಾಳ ಜಾರುತ್ತಿದ್ದರೆ ಮೈದಾನದ ಕೊನೆಯ ಗೋಡೆ ನೋಡಿ. ಅದು 50 ಮೀಟರ್ ದೂರವಿದ್ದರೆ ಸದ್ದು ಹೋಗಿ ಬರಲು ಹೆಚ್ಚುಕಡಿಮೆ ಸೆಕೆಂಡಿನ ಮೂರನೇ ಒಂದು ಪಾಲು ಬೇಕು. ತಂಡ ಆ ಮರುದನಿಯನ್ನು ಹಿಡಿದು ಹಾಡತೊಡಗುತ್ತದೆ. ವೇದಿಕೆಯ ಮೇಲೆ ಹಾಡುವವರ ಕಡೆಗೆ ತಿರುಗಿಸಿದ ಒಂದು ಮಾನಿಟರ್ ಸ್ಪೀಕರ್ ಇಟ್ಟು, ಅದರಲ್ಲಿ ಡೋಲು ಮತ್ತು ಎತ್ತುವವರ ದನಿ ಮಾತ್ರ ಬಿಡಿಸಿ.

ಪ್ರಶ್ನೆ: ಅಜ್ಜಿಯ ಕಾಲದ ಹಾಡನ್ನು ಹಾಡಿ ಯೂಟ್ಯೂಬಿಗೆ ಹಾಕಿದೆವು. ಯಾವುದೋ ಕ್ಯಾಸೆಟ್ ಕಂಪನಿ ಹಕ್ಕು ತಮ್ಮದೆನ್ನುತ್ತಿದೆ. ಜನಪದಕ್ಕೂ ಒಡೆಯರಿದ್ದಾರೆಯೇ? (ಪುತ್ತೂರು)

ಉತ್ತರ: ಕರ್ತೃ ಯಾರೆಂದೇ ಗೊತ್ತಿಲ್ಲದೆ ತಲೆಮಾರುಗಳಿಂದ ಬಂದ ಮಾತಿಗೂ ಧಾಟಿಗೂ ಒಡೆಯರಿಲ್ಲ. ಅದರ ಸುತ್ತ ಕಟ್ಟಿದ್ದಕ್ಕೆ ಇದ್ದಾರೆ. ಕಂಪನಿ ಮಾಡಿದ ಧ್ವನಿಮುದ್ರಣಕ್ಕೆ 60 ವರ್ಷ ಹಕ್ಕಿದೆ. ನಡುವಿನ ಹೊಸ ಸಂಗೀತ ಅದನ್ನು ಮಾಡಿದವರದ್ದು, ಸೇರಿಸಿದ ಹೊಸ ಚರಣ ಬರೆದವರದ್ದು. ಆದ್ದರಿಂದ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಹಾಡನ್ನು ಅಜ್ಜಿಯಿಂದ ಕಲಿತಿರೋ, ಕ್ಯಾಸೆಟ್ಟಿನಿಂದಲೋ? ಕ್ಯಾಸೆಟ್ಟಿನಿಂದಾದರೆ ಮೂರನೆಯ ಚರಣ, ಕೊಳಲಿನ ತುಣುಕು ಎಲ್ಲ ಗೊತ್ತಿಲ್ಲದೆಯೇ ಬಂದಿರುತ್ತವೆ. ಜಾಲತಾಣದಿಂದ ಇಳಿಸಿದ ಕರೋಕೆ ಟ್ರ್ಯಾಕ್ ಬಳಸಿದ್ದರಂತೂ ಯೂಟ್ಯೂಬಿನ ಯಂತ್ರ ಹಿಡಿದದ್ದು ಅದನ್ನೇ.

ಯೂಟ್ಯೂಬಿನಲ್ಲಿ 'ಕ್ಲೇಮ್' ಬೇರೆ, 'ಸ್ಟ್ರೈಕ್' ಬೇರೆ. ಕ್ಲೇಮ್ ಬಂದರೆ ಜಾಹೀರಾತಿನ ಹಣ ಅವರಿಗೆ ಹೋಗಬಹುದು, ಚಾನೆಲ್ಲಿಗೆ ಅಪಾಯವಿಲ್ಲ. 90 ದಿನದೊಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗಬಹುದು. ನಿಮ್ಮದು ಕ್ಲೇಮ್ ಆಗಿದ್ದು, ಕಂಠವೂ ವಾದ್ಯವೂ ಪೂರ್ತಿ ನಿಮ್ಮದೇ ಆಗಿದ್ದರೆ ತಕರಾರು ಸಲ್ಲಿಸಿ. 'ಸಾಂಪ್ರದಾಯಿಕ ಹಾಡು, ಧ್ವನಿಮುದ್ರಣ ನಮ್ಮದೇ' ಎಂದು ಎರಡು ಸಾಲು ಬರೆದರೆ ಸಾಕು, ಉತ್ತರಿಸಲು ಅವರಿಗೆ 30 ದಿನ ಅವಕಾಶ. ಬಿಡಿಬಿಡಿ ಟ್ರ್ಯಾಕುಗಳ ಮೂಲ ಕಡತ ಅಳಿಸಬೇಡಿ, ಸಾಕ್ಷಿ ಅದೇ.

ಕರ್ತೃ ಇರುವ ಹಾಡಿನ ಕವರ್ ಮಾಡುವುದಾದರೆ ಅದು ಬೇರೆ ದಾರಿ. ಮೊದಲ ಧ್ವನಿಮುದ್ರಣದಿಂದ ಐದು ವರ್ಷ ಕಳೆದಿರಬೇಕು, ಮುಂಗಡ ರಾಯಧನ ಕಟ್ಟಬೇಕು, ಹಾಡನ್ನು ಬೇಕಾದಂತೆ ಬದಲಿಸುವಂತಿಲ್ಲ. ಇಲ್ಲವೇ ಹಕ್ಕುದಾರರ ನೇರ ಒಪ್ಪಿಗೆ ಪಡೆಯಿರಿ. ಧಾಟಿಯ ಜಗಳ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ 2022ರ ಉದಾಹರಣೆ ಕಣ್ಣೆದುರಿದೆ. ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ 'ವರಾಹ ರೂಪಂ' ಬಗ್ಗೆ ನ್ಯಾಯಾಲಯಕ್ಕೆ ಹೋದಾಗ, ಒಟಿಟಿಗೆ ಬಂದ 'ಕಾಂತಾರ'ದಲ್ಲಿ ಕೆಲವು ದಿನ ಆ ಹಾಡು ಬೇರೆ ಧಾಟಿಯಲ್ಲಿತ್ತು.

ಅಜ್ಜಿಯ ಹಕ್ಕನ್ನು ಮಾತ್ರ ಯಾರೂ ಕೇಳುವುದಿಲ್ಲ. ಹಾಡಿದವರಿಗೆ ತಮ್ಮ ಹಾಡಿಕೆಯ ಮೇಲೆ ಕಾನೂನಿನಂತೆ 50 ವರ್ಷ ಹಕ್ಕಿದೆ. ಹಿರಿಯರ ದನಿ ರೆಕಾರ್ಡ್ ಮಾಡುವಾಗ ಯಾವುದಕ್ಕೆ ಬಳಸುತ್ತೀರೆಂದು ತುಳುವಿನಲ್ಲೋ ಕನ್ನಡದಲ್ಲೋ ಓದಿ ಹೇಳಿ ಸಹಿ ಅಥವಾ ಹೆಬ್ಬೆಟ್ಟು ಪಡೆಯಿರಿ, ಅವತ್ತೇ ಸಂಭಾವನೆ ಕೊಡಿ, ವಿಡಿಯೋದ ಕೆಳಗೆ ಅವರು ಒಪ್ಪಿದರೆ ಹೆಸರು, ಊರು ಹಾಕಿ.

ಪ್ರಶ್ನೆ: ಮೆಹಂದಿ ಕಾರ್ಯಕ್ರಮಗಳಿಗೆ ಜನಪದ ತಂಡ, ಆಮೇಲೆ ಡಿಜೆ ಎನ್ನುತ್ತಾರೆ. ಒಪ್ಪಬಹುದೇ? ರಾತ್ರಿ ಎಷ್ಟು ಹೊತ್ತಿನವರೆಗೆ? (ಬಂಟ್ವಾಳ)

ಉತ್ತರ: ಒಪ್ಪಿ, ಆದರೆ ನೀವು ಮೊದಲು, ಡಿಜೆ ನಂತರ. ಡಿಜೆಯ ಬಾಸ್ ಕೇಳಿದ ಕಿವಿಗೆ ಅರ್ಧ ಗಂಟೆ ಗುಮಟೆ ಕೇಳಿಸುವುದೇ ಇಲ್ಲ. ಊಟದ ಹೊತ್ತಿಗೆ ಹಾಡಲು ಒಪ್ಪಬೇಡಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ನಿಷಿದ್ಧ, ವರ್ಷಕ್ಕೆ 15 ದಿನ ಮೀರದಂತೆ ಸರಕಾರ ಹಬ್ಬಹರಿದಿನಗಳಿಗೆ 12ರವರೆಗೆ ಸಡಿಲಿಸಬಹುದಷ್ಟೆ. ಮೆಹಂದಿ ಅದರಲ್ಲಿ ಬರುವುದಿಲ್ಲ. ಪೊಲೀಸ್ ಅನುಮತಿ ಮನೆಯವರ ಹೊಣೆ ಎಂದು ಮುಂಗಡ ಪಡೆಯುವಾಗಲೇ ಹೇಳಿ.

ಪ್ರಶ್ನೆ: ನಮ್ಮ ಸಂಘದ ವಾರ್ಷಿಕೋತ್ಸವಕ್ಕೆ ಕೊರಗ ಸಮುದಾಯದವರ ಡೋಲು ತಂಡ ಕರೆಸಬೇಕೆಂದಿದ್ದೇವೆ. ಗಮನಿಸಬೇಕಾದ್ದೇನು? (ಬ್ರಹ್ಮಾವರ)

ಉತ್ತರ: ಗೇಟಿನ ಹೊರಗೆ ನಿಲ್ಲಿಸಿ ಅತಿಥಿಗಳು ಬರುವಾಗ ಬಡಿಸುವ ಯೋಚನೆಯಿದ್ದರೆ ಕೈಬಿಡಿ. ಕೊರಗರನ್ನು ಕೀಳಾಗಿ ಕಂಡು ದುಡಿಸಿಕೊಳ್ಳುವ ಅಜಲು ಪದ್ಧತಿಯನ್ನು 2000ದ ಕಾಯ್ದೆ ನಿಷೇಧಿಸಿದೆ, ಡೋಲು ಬಡಿಸುವುದಕ್ಕೂ ಆ ಇತಿಹಾಸ ಅಂಟಿಕೊಂಡಿದೆ. ವೇದಿಕೆಯ ಮೇಲೆ 20 ನಿಮಿಷ ಅವರದ್ದೇ ಕಾರ್ಯಕ್ರಮವಿರಲಿ, ಆಮಂತ್ರಣ ಪತ್ರಿಕೆಯಲ್ಲಿ ತಂಡದ ಹೆಸರಿರಲಿ, ಸಂಭಾವನೆ ಇತರ ತಂಡಗಳಷ್ಟೇ ಇರಲಿ, ಊಟ ಎಲ್ಲರ ಪಂಕ್ತಿಯಲ್ಲೇ ಆಗಲಿ. ಡೋಲು, ಕೊಳಲು ಎರಡೂ ಇರುವ ತಂಡವಾದರೆ ಕೊಳಲಿಗೆ ಮಾತ್ರ ಒಂದು ಮೈಕ್ ಕೊಡಿ. ಡೋಲಿಗೆ ಬೇಡ, ಬ್ರಹ್ಮಾವರದಲ್ಲಿ ಬಡಿದರೆ ಬಾರಕೂರಿಗೆ ಕೇಳುತ್ತದೆ.